ಕೈಯಲ್ಲಿ ಬರೆದ ಅಜ್ಜಿ

ಸಂಶೋಧನಾಲಯದ ಕೆಳಮಹಡಿಯನ್ನೆಲ್ಲ ಆಕ್ರಮಿಸಿ ಕೂತಿದ್ದ ಗಣಕಯಂತ್ರಕ್ಕೆ ಬರುತ್ತಿದ್ದದ್ದು ಒಂದೇ ಭಾಷೆ, ಅಂಕಿಗಳ ಭಾಷೆ. ಇದನ್ನು ಅಲ್ಲಿಂದ ಎತ್ತು, ಅದರಲ್ಲಿ ಕಳೆ, ಇಲ್ಲಿ ಇಡು ಎಂಬ ಒಂದೊಂದು ಅಪ್ಪಣೆಗೂ ಒಂದೊಂದು ಅಂಕಿ; ಆ ಅಂಕಿಗಳನ್ನು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತುಗಳಾಗಿ ಕೊರೆದು ಬಾಯಿಗೆ ಹಾಕಿದರೆ ಮಾತ್ರ ಅದು ಮಿಸುಕುತ್ತಿತ್ತು. ಹಾಗೆ ಅಂಕಿಯಲ್ಲೇ ಬರೆಯಬಲ್ಲವರು ಆ ಕಾಲಕ್ಕೆ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಎತ್ತಿದ ಕೈ ಎಂದರೆ ಭಾವ.

ಅವರು ನಿಜಕ್ಕೂ ಭಾವ ಆಗಿದ್ದದ್ದು ಪುಟ್ಟಿ ಒಬ್ಬಳಿಗೇ, ಅವಳ ಅಕ್ಕನ ಗಂಡ. ಆದರೆ ಪುಟ್ಟಿ ಅದೇ ಸಂಶೋಧನಾಲಯಕ್ಕೆ ಕೆಲಸಕ್ಕೆ ಸೇರಿ ಉದ್ದ ಓಣಿಯ ಆ ತುದಿಯಿಂದ ಈ ತುದಿಗೆ "ಭಾವಾ" ಎಂದು ಕೂಗಿ ಕೂಗಿ, ಆ ಹೆಸರು ಎಲ್ಲರ ಬಾಯಿಗೂ ಹತ್ತಿಕೊಂಡಿತು. ಗಮನ ತಪ್ಪಿದ ದಿನ ನಿರ್ದೇಶಕರೂ "ಭಾವನ್ನ ಕರೀರಿ" ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಪುಟ್ಟಿಗೋ, ನಲವತ್ತು ದಾಟಿ ಕಿವಿಯ ಪಕ್ಕ ಬಿಳಿ ಕೂದಲು ಬಂದರೂ ಮನೆಯಲ್ಲಿ ಪುಟ್ಟಿ ಎಂಬ ಹೆಸರು ತಪ್ಪಿರಲಿಲ್ಲ. ಅವಳು ಅದಕ್ಕೆ ತಲೆ ಕೆಡಿಸಿಕೊಂಡವಳೂ ಅಲ್ಲ.

ಅವಳು ತಲೆ ಕೆಡಿಸಿಕೊಂಡಿದ್ದದ್ದು ಬೇರೆಯದಕ್ಕೆ. ಮನುಷ್ಯರು ಕಾಗದದ ಮೇಲೆ ಲೆಕ್ಕ ಬರೆಯುವ ಹಾಗೆಯೇ ಯಂತ್ರಕ್ಕೂ ಬರೆಯುವಂತಾಗಬೇಕು, ಅದನ್ನು ಅಂಕಿಗೆ ಇಳಿಸುವ ಕೂಲಿಯನ್ನು ಯಂತ್ರವೇ ಮಾಡಿಕೊಳ್ಳಬೇಕು ಎಂಬುದು ಅವಳ ಹಟ. ಅದಕ್ಕಾಗಿ ಒಂದು ಪುಟ್ಟ ಭಾಷೆಯನ್ನೇ ಕಟ್ಟಿದ್ದಳು. ಆ ಭಾಷೆಯಲ್ಲಿ ಬರೆದದ್ದನ್ನು ಅಂಕಿಗೆ ಇಳಿಸಿಕೊಡುವ ಪ್ರೋಗ್ರಾಮು, ಅಂದರೆ ಕಂಪೈಲರ್, ಅದನ್ನೂ ಕಟ್ಟಿದ್ದಳು. ಇಷ್ಟಕ್ಕೇ ಬಿಟ್ಟಿದ್ದರೆ ಯಾರೂ ಮೂಗು ಮುರಿಯುತ್ತಿರಲಿಲ್ಲ. ಆ ಕಂಪೈಲರನ್ನು ಅವಳು ಬರೆದಿದ್ದದ್ದು ತನ್ನದೇ ಹೊಸ ಭಾಷೆಯಲ್ಲಿ.

"ಅಂದ್ರೆ ನಿನ್ನ ಜುಟ್ಟನ್ನ ನೀನೇ ಹಿಡ್ಕೊಂಡು ನಿನ್ನನ್ನ ನೀನೇ ಮೇಲಕ್ಕೆತ್ತಿಕೊಳ್ತೀಯ," ಎಂದಿದ್ದರು ಭಾವ, ಹೊಟ್ಟೆ ಹಿಡಿದುಕೊಂಡು ನಗುತ್ತ.

"ಮೊದಲನೇ ಸಲ ಯಾರಾದ್ರೂ ಎತ್ತಿ ನಿಲ್ಲಿಸಬೇಕು ಭಾವ. ಒಂದೇ ಸಲ. ಆಮೇಲೆ ಅದೇ ನಿಲ್ಲುತ್ತೆ, ಅದೇ ನಡೆಯುತ್ತೆ."

"ಯಾರಪ್ಪ ಆ ಪುಣ್ಯಾತ್ಮ?"

"ನೀವೇ."

ಭಾವ ನಗು ನಿಲ್ಲಿಸಿದರು. ಅವಳ ಭಾಷೆ ಗೆದ್ದರೆ ಅಂಕಿಯಲ್ಲಿ ಬರೆಯುವವರನ್ನು ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ನಾದಿನಿ ಕೇಳಿದ ಮೇಲೆ ಇಲ್ಲ ಅನ್ನುವ ಜಾಯಮಾನ ಅವರದಲ್ಲ. ಆ ಚಳಿಗಾಲವೆಲ್ಲ ಬೈದುಕೊಳ್ಳುತ್ತ, ಗೊಣಗುತ್ತ, ಅವಳು ಬರೆದ ಕಂಪೈಲರನ್ನು ಸಾಲುಸಾಲಾಗಿ ತಮ್ಮ ಕೈಯಿಂದಲೇ ಅಂಕಿಗೆ ಇಳಿಸಿದರು. ಬರೆದದ್ದನ್ನು ಬರೆದ ಹಾಗೆ ಇಳಿಸಿಕೊಡಿ, ಒಂದಕ್ಷರ ಆಚೀಚೆ ಮಾಡಬೇಡಿ ಎಂದು ಅವಳು ನೂರು ಸಲ ಹೇಳಿದ್ದಳು. ಹಾಗೆ ಹುಟ್ಟಿದ ಕಾರ್ಡುಗಳ ಕಟ್ಟಿಗೆ ಎಲ್ಲರೂ ಅಜ್ಜಿ ಎಂದು ಹೆಸರಿಟ್ಟರು.

ಮುಂದಿನ ಕ್ರಮ ಇಷ್ಟೇ. ಅಜ್ಜಿಯನ್ನು ಯಂತ್ರದಲ್ಲಿ ಕೂರಿಸಿ, ಪುಟ್ಟಿಯ ಭಾಷೆಯಲ್ಲಿರುವ ಕಂಪೈಲರಿನ ಮೂಲವನ್ನು ಅವಳಿಗೆ ಉಣಿಸಬೇಕು. ಅಜ್ಜಿ ಅದನ್ನು ಅಂಕಿಗೆ ಇಳಿಸಿ ಹೊಸ ಕಟ್ಟೊಂದನ್ನು ಕೊರೆದುಕೊಡುತ್ತಾಳೆ, ಅದು ತಾಯಿ. ಈಗ ಅಜ್ಜಿಯನ್ನು ಎಬ್ಬಿಸಿ ಆ ಜಾಗದಲ್ಲಿ ತಾಯಿಯನ್ನು ಕೂರಿಸಿ, ಅದೇ ಮೂಲವನ್ನು ಮತ್ತೆ ಉಣಿಸಬೇಕು. ತಾಯಿ ಕೊರೆದುಕೊಡುವುದು ಮಗಳು. ಅಜ್ಜಿ ಮನುಷ್ಯರ ಕೈಯಲ್ಲಿ ಹುಟ್ಟಿದವಳು, ಅವಳ ಮುಖಚಹರೆ ಬೇರೆಯಿದ್ದರೂ ಪರವಾಗಿಲ್ಲ. ಆದರೆ ತಾಯಿ ಮತ್ತು ಮಗಳು ತೂತಿಗೆ ತೂತು ಒಂದೇ ಆಗಿರಬೇಕು. ಹಾಗಾದರೆ ಭಾಷೆ ತನ್ನ ಕಾಲಮೇಲೆ ತಾನು ನಿಂತಿತು ಎಂದರ್ಥ. ಅದನ್ನು ನೋಡುವ ಬಗೆಯೂ ಸರಳ: ತಾಯಿಯ ಕಾರ್ಡಿನ ಮೇಲೆ ಮಗಳ ಕಾರ್ಡು ಇಟ್ಟು, ಎರಡನ್ನೂ ಸೇರಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿಯಬೇಕು. ಎಲ್ಲ ತೂತುಗಳಿಂದಲೂ ಬೆಳಕು ತೂರಿ ಬಂದರೆ ಆಯಿತು.

ಇದನ್ನು ನೋಡಲು ಸಮಿತಿಯೊಂದು ಬರುವುದಿತ್ತು. ತಾಯಿ ಮಗಳು ಹೊಂದಿದರೆ, ಮುಂದೆ ಬರಲಿರುವ ದೊಡ್ಡ ಯಂತ್ರಕ್ಕೆ ಪುಟ್ಟಿಯ ಭಾಷೆಯೇ ಗತಿ. ಹೊಂದದಿದ್ದರೆ ಅವಳ ವಿಭಾಗಕ್ಕೆ ಬೀಗ. ಅವಳು ಮತ್ತೆ ಭಾವನ ಕೋಣೆಗೆ ಹೋಗಿ, ಅವರ ಎದುರಿನ ಮೇಜಿನಲ್ಲಿ ಕೂತು ಅಂಕಿ ಬರೆಯಬೇಕು. ನಿರ್ದೇಶಕರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು.

ಸಮಿತಿ ಬರುವ ದಿನ ಬೆಳಗ್ಗೆ ಮನೆಯಲ್ಲಿ ಎಂದಿನಂತೆಯೇ ಇತ್ತು. ಕೆಳಗಿನ ಮನೆ ಅಕ್ಕ ಭಾವನದು, ಮಹಡಿ ಪುಟ್ಟಿಯದು, ಅಡುಗೆಮನೆ ಮಾತ್ರ ಒಂದೇ. ಭಾವ ಚಹಾ ಗುಟುಕರಿಸುತ್ತ, "ನನ್ನ ಎದುರಿನ ಮೇಜನ್ನ ಒರೆಸಿ ಇಡಿಸಿದೀನಿ. ಸಂಜೆ ಬೇಕಾಗಬಹುದು," ಎಂದರು.

"ಒರೆಸಿದ್ದು ಒಳ್ಳೇದಾಯ್ತು. ನಾಳೆಯಿಂದ ನಿಮಗೆ ಕೆಲಸ ಇರಲ್ಲ, ಅದರ ಮೇಲೆ ಕಾಲು ಚಾಚಿಕೊಂಡು ಕೂರಬಹುದು," ಎಂದಳು ಪುಟ್ಟಿ.

"ಇಬ್ಬರೂ ಬಾಯಿ ಮುಚ್ಚಿ ತಿನ್ನಿ," ಎಂದಳು ಅಕ್ಕ. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ಮನೆಯಲ್ಲೂ ಅದೇ ದನಿ. "ರೀ, ಬರುವಾಗ ಸಕ್ಕರೆ ತನ್ನಿ."

ಭಾವ ತಲೆಯಾಡಿಸಿ ಕೋಟು ಹಾಕಿಕೊಂಡು ಹೊರಟರು. ಅಕ್ಕ ಡಬ್ಬಿಗಳನ್ನು ಜೋಡಿಸುತ್ತ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಮುಗಿದಿರೋದು ಉಪ್ಪು! ನಾನು ಸಕ್ಕರೆ ಅಂದ್ನಲ್ಲೇ!"

"ಓಡಿ ಹೋಗಿ ಹೇಳಲಾ?"

"ಬೇಡ ಬಿಡು. ನಾನು ಬಾಯಿ ತಪ್ಪಿ ಏನು ಅಂದ್ರೂ ಅವರು ತರೋದು ಉಪ್ಪೇ. ಮದುವೆಯಾದಾಗಿಂದ ನೋಡ್ತಿದೀನಿ. ನಾನು ಹೇಳಿದ್ದು ಅವರ ಕಿವಿಗೆ ಬೀಳೋದೇ ಇಲ್ಲ, ಬೇಕಾಗಿದ್ದು ಮಾತ್ರ ಬೀಳುತ್ತೆ."

ಪುಟ್ಟಿ ನಕ್ಕು ಚೀಲ ಹೆಗಲಿಗೇರಿಸಿದಳು. ಅವಳ ಮನಸ್ಸಿನಲ್ಲಿ ಅಳುಕು ಎಂಬುದು ಎಳ್ಳಷ್ಟೂ ಇರಲಿಲ್ಲ. ತನ್ನ ಭಾಷೆ ನಿಲ್ಲುತ್ತದೆ ಎಂಬುದು, ತನ್ನ ಮನೆಯ ಮೆಟ್ಟಿಲು ಇನ್ನೂ ಅಲ್ಲೇ ಇದೆ ಎಂಬಷ್ಟೇ ಸಹಜವಾಗಿ ಅವಳಿಗೆ ಗೊತ್ತಿತ್ತು.

ತಾಯಿಯ ಕಟ್ಟು ಹಿಂದಿನ ದಿನವೇ ಸಿದ್ಧವಾಗಿತ್ತು. ಪುಟ್ಟಿ ಕೆಳಮಹಡಿಗೆ ಹೋಗುವ ಹೊತ್ತಿಗೆ ಯಂತ್ರ ಮಗಳನ್ನು ಕೊರೆದು ಮುಗಿಸುತ್ತಿತ್ತು. ಅವಳ ವಿಭಾಗದಲ್ಲಿ ಅವಳ ಜೊತೆಗಿದ್ದವನು ಒಬ್ಬನೇ, ಗಣಿತ ಓದಿಕೊಂಡು ಬಂದಿದ್ದ, ಎದೆಯವರೆಗೆ ಗಡ್ಡ ಬಿಟ್ಟಿದ್ದವನು. ಎಲ್ಲರೂ ಗಡ್ಡ ಎಂದೇ ಕರೆಯುತ್ತಿದ್ದರು. ಇಬ್ಬರೂ ಎರಡು ಕಟ್ಟುಗಳನ್ನು ಓಣಿಯ ದೊಡ್ಡ ಕಿಟಕಿಯ ಬಳಿಗೆ ಹೊತ್ತು ತಂದರು. ಒಂದೊಂದೇ ಜೋಡಿಯನ್ನು ಗಾಜಿಗೆ ಒತ್ತುವುದು, ಬೆಳಕು ನೋಡುವುದು, ಕೆಳಗಿಡುವುದು. ಅರ್ಧ ಕಟ್ಟು ದಾಟಿತು. ಗಡ್ಡ ಸಿಳ್ಳೆ ಹಾಕತೊಡಗಿದ. ಮುಕ್ಕಾಲು ದಾಟಿತು.

ಸಿಳ್ಳೆ ನಿಂತಿತು.

"ಮೇಡಂ, ಇದೊಂದು..."

ಆ ಜೋಡಿಯ ನಡುವೆ ಕೆಲವು ತೂತುಗಳು ಕುರುಡಾಗಿದ್ದವು. ತಾಯಿಗೆ ಕಣ್ಣಿದ್ದಲ್ಲಿ ಮಗಳಿಗಿಲ್ಲ, ಮಗಳಿಗಿದ್ದಲ್ಲಿ ತಾಯಿಗಿಲ್ಲ. ಮಿಕ್ಕ ಕಟ್ಟನ್ನೂ ಬಿಡದೆ ನೋಡಿ ಮುಗಿಸಿದರು. ಬೇರೆಲ್ಲ ಹೊಂದಿತ್ತು. ಇಡೀ ಕಂಪೈಲರಿನಲ್ಲಿ ಕೆಟ್ಟದ್ದು ಆ ಒಂದೇ ಕಾರ್ಡು.

ಗಡ್ಡ ಓಣಿಯ ಎರಡೂ ತುದಿ ನೋಡಿ ದನಿ ತಗ್ಗಿಸಿದ. "ಒಂದೇ ಒಂದು ಕಾರ್ಡು ಮೇಡಂ. ತಾಯೀದನ್ನೇ ಇನ್ನೊಂದು ಪ್ರತಿ ಕೊರೆಸಿ ಮಗಳ ಕಟ್ಟಿಗೆ ಸೇರಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಮಧ್ಯಾಹ್ನ ಅವರೆಲ್ಲ ನೋಡಿ ಹೋಗಲಿ, ಆಮೇಲೆ ನಿಧಾನಕ್ಕೆ ಹುಡುಕೋಣ."

"ನಿನಗೆ ಗೊತ್ತಾಗುತ್ತಲ್ಲಪ್ಪಾ. ನನಗೂ ಗೊತ್ತಾಗುತ್ತೆ. ಇನ್ನು ಯಾರಿಗೆ ಗೊತ್ತಾಗಬೇಕು?" ಎಂದಳು ಪುಟ್ಟಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಆ ಕಾರ್ಡಿನ ಮೇಲೆ ಎಷ್ಟು ಕುತೂಹಲ ಹುಟ್ಟಿತ್ತೆಂದರೆ, ಅವನ ಮಾತು ಪೂರ್ತಿ ಕಿವಿಗೂ ಬಿದ್ದಿರಲಿಲ್ಲ. ತೂತುಗಳನ್ನು ಓದಿದಳು. ಎರಡರಲ್ಲೂ ಅವೇ ಅಪ್ಪಣೆಗಳು. ಎರಡು ಮಾತ್ರ ಜಾಗ ಅದಲುಬದಲಾಗಿದ್ದವು. ಕಂಪೈಲರು ಮುದ್ರಿಸುವ ಹಾಳೆಯ ತಲೆಬರಹವನ್ನು ಎಷ್ಟು ಒಳಕ್ಕೆ ಸರಿಸಬೇಕು ಎಂದು ಲೆಕ್ಕ ಹಾಕುವ ಜಾಗ ಅದು. ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದು, ಉಳಿದದ್ದರಲ್ಲಿ ಮತ್ತೊಂದನ್ನು ಕಳೆಯಬೇಕು, ಅಷ್ಟೇ. ಅವಳ ಮುಖ ಅರಳಿತು. ಇದು ಭಾವನ ಕೈತಪ್ಪು! ಇಡೀ ಚಳಿಗಾಲ ಜಂಬ ಕೊಚ್ಚಿಕೊಂಡ ಭಾವನ ಅಜ್ಜಿ ಎಲ್ಲೋ ಎಡವಿದ್ದಾಳೆ.

ಎರಡೂ ಕಾರ್ಡು ಹಿಡಿದು ಮೆಟ್ಟಿಲು ಹಾರಿ ಭಾವನ ಕೋಣೆಗೆ ನುಗ್ಗಿದಳು. "ಭಾವ, ನಿಮ್ಮ ಅಜ್ಜಿ ನನ್ನ ಮರ್ಯಾದೆ ತೆಗೆದಳು!"

ಭಾವ ಕನ್ನಡಕ ಏರಿಸಿ ಎರಡು ಕಾರ್ಡನ್ನೂ ಬೆಳಕಿಗೆ ಹಿಡಿದರು. ಅವರಿಗೆ ತೂತು ಓದುವುದೆಂದರೆ ನೀರು ಕುಡಿದಷ್ಟು ಸಲೀಸು. "ಅಜ್ಜಿ ಸರಿಯಾಗಿದಾಳೆ. ಅವಳು ಹೆತ್ತ ತಾಯಿ ಕಾರ್ಡು ಇದು, ಇದೂ ಸರಿ. ತಪ್ಪಿರೋದು ಮಗಳು. ಹತ್ತರಲ್ಲಿ ಮೂರು ಕಳೆದು, ಆಮೇಲೆ ಎರಡು ಕಳೆದ್ರೆ ಎಷ್ಟು?"

"ಐದು."

"ನಿನ್ನ ಮಗಳು ಮೊದಲು ಮೂರರಲ್ಲಿ ಎರಡು ಕಳೀತಾಳೆ. ಬಂದ ಒಂದನ್ನ ಹತ್ತರಲ್ಲಿ ಕಳೆದು ಒಂಬತ್ತು ಅಂತಾಳೆ. ಅವಳಿಗೆ ಹಾಗೆ ಕಲಿಸಿದ್ದು ತಾಯಿ."

"ತಾಯಿಗೆ ಕಲಿಸಿದ್ದು..." ಎಂದವಳು ಅಲ್ಲಿಗೇ ನಿಂತಳು. ತಾಯಿ ಎಂದರೆ ಪುಟ್ಟಿ ಬರೆದ ಮೂಲವೇ. ಅಜ್ಜಿ ಅದನ್ನು ಅಂಕಿಗೆ ಇಳಿಸಿದ್ದಳು, ಅಷ್ಟೇ. ತಾಯಿಯ ಮೈಯಲ್ಲಿರುವ ಲೆಕ್ಕ ಅಜ್ಜಿ ಇಳಿಸಿದ್ದು, ಅದು ಸರಿ; ಮಗಳಿಗೆ ಲೆಕ್ಕ ಇಳಿಸುವಾಗ ತಾಯಿ ಹಿಡಿದದ್ದು ಮೂಲದಲ್ಲಿದ್ದ ನಿಯಮ. ಹಾಗಾದರೆ ಕಳೆಯುವ ಕ್ರಮವನ್ನು ತಪ್ಪು ಹೇಳಿಕೊಟ್ಟದ್ದು ಮೂಲ. ಅವಳಿಗೆ ಕಪ್ಪುಹಲಗೆ ಕಣ್ಣಮುಂದೆ ಬಂತು. ಲೆಕ್ಕವನ್ನು ಹೇಗೆ ಬಿಡಿಸಬೇಕು ಎಂಬ ನಿಯಮವನ್ನು ಅಲ್ಲಿ ಒಂದೇ ಸಾಲಿಗೆ ಇಳಿಸಿ, ಅದರ ಚೆಂದಕ್ಕೆ ತಾನೇ ಮರುಳಾಗಿ ಒಂದು ವಾರ ಒರೆಸದೆ ಇಟ್ಟುಕೊಂಡಿದ್ದಳು. ಆ ಒಂದು ಸಾಲು ಲೆಕ್ಕವನ್ನು ಬಲಗಡೆಯಿಂದ ಕಟ್ಟಿಕೊಂಡು ಬರುತ್ತಿತ್ತು. ಕೂಡುವುದಕ್ಕೆ ಯಾವ ಕಡೆಯಿಂದ ಹೋದರೂ ಸರಿ, ಕಳೆಯುವುದಕ್ಕೆ ಅದು ನಡೆಯುವುದಿಲ್ಲ. ತಪ್ಪು ಅವಳದೇ, ಅವಳಿಗೆ ಅತ್ಯಂತ ಪ್ರೀತಿಯಾಗಿದ್ದ ಸಾಲಿನಲ್ಲೇ.

ಆದರೂ ಏನೋ ಕೊರೆಯುತ್ತಲೇ ಇತ್ತು.

"ಭಾವ, ಅಜ್ಜಿಯೂ ಅದೇ ಮೂಲದಿಂದಲೇ ಬಂದವಳು ತಾನೆ? ಅಲ್ಲಿ ತಪ್ಪು ಬರೆದಿತ್ತು. ಅಜ್ಜಿ ಹೇಗೆ ಸರಿಯಾದಳು?"

ಭಾವ ಕಪಾಟಿನಿಂದ ತಮ್ಮ ಹಾಳೆಗಳನ್ನು ತೆಗೆದು ಆ ಜಾಗ ಹುಡುಕಿದರು. ಅವರ ದುಂಡು ಅಂಕಿಗಳಲ್ಲಿ ಎಡಗಡೆಯಿಂದ ಬಲಕ್ಕೆ, ಕ್ರಮವಾಗಿ, ಸರಿಯಾಗಿ ಬರೆದಿತ್ತು. ಅವರೇ ಅದನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಪುಟ್ಟಿಗೆ ಅಕ್ಕನ ಉಪ್ಪಿನ ಡಬ್ಬಿ ನೆನಪಾಯಿತು. "ನೀವು ತಿದ್ದಿದ್ರಾ?"

"ಇಲ್ಲ ಕಣೇ. ತಿದ್ದಬೇಕಾದ್ರೆ ತಪ್ಪು ಕಣ್ಣಿಗೆ ಬೀಳಬೇಕಲ್ಲ. ನನಗೆ ಬಿದ್ದೇ ಇಲ್ಲ. ಹತ್ತು ಮೂರು ಎರಡು ಅಂದ್ರೆ ಕೈ ತಾನಾಗಿ ಐದಕ್ಕೆ ಹೋಗುತ್ತೆ. ಒಂಬತ್ತು ಅಂತ ಈ ಕೈ ಬರೆಯೋದೇ ಇಲ್ಲ."

ಪುಟ್ಟಿಗೆ ಪಿತ್ತ ನೆತ್ತಿಗೇರಿತು. "ಹೇಳಿದ್ದನ್ನ ಮಾಡಬೇಕು ಭಾವ, ಬೇಕಾದ್ದನ್ನಲ್ಲ! ಎಷ್ಟು ಸಲ ಬಾಯಿ ಬಡ್ಕೊಂಡೆ! ಬರೆದದ್ದನ್ನ ಬರೆದ ಹಾಗೆ ಇಳಿಸಿದ್ರೆ ಇವತ್ತು..."

ಮಾತು ಅರ್ಧಕ್ಕೇ ಬಿತ್ತು. ಇವತ್ತು ಏನಾಗುತ್ತಿತ್ತು? ಅವಳು ಎದುರಿನ ಮೇಜಿನ ಅಂಚಿಗೆ ಒರಗಿದಳು, ಭಾವ ಒರೆಸಿ ಇಡಿಸಿದ್ದ ಅದೇ ಮೇಜು. ಭಾವ ವಿಧೇಯರಾಗಿ ಅವಳ ತಪ್ಪನ್ನೇ ಇಳಿಸಿದ್ದರೆ ಅಜ್ಜಿಗೂ ಆ ರೋಗ ಇರುತ್ತಿತ್ತು, ಅವಳಿಂದ ತಾಯಿಗೆ, ತಾಯಿಯಿಂದ ಮಗಳಿಗೆ. ಮೂವರೂ ಒಂದೇ ಥರ ತಪ್ಪು ಕಳೆಯುತ್ತಿದ್ದರು. ತಲೆಬರಹ ಸ್ವಲ್ಪ ಓರೆಯಾಗಿ ಮುದ್ರಣವಾಗುವುದು ಬಿಟ್ಟರೆ ಬೇರೇನೂ ಕೆಡುತ್ತಿರಲಿಲ್ಲ. ತಾಯಿ ಮಗಳು ತೂತಿಗೆ ತೂತು ಹೊಂದುತ್ತಿದ್ದರು, ಎಲ್ಲ ತೂತಿನಿಂದಲೂ ಬೆಳಕು ಬರುತ್ತಿತ್ತು, ಸಮಿತಿ ಬೆನ್ನು ತಟ್ಟಿ ಹೋಗುತ್ತಿತ್ತು. ದೊಡ್ಡ ಯಂತ್ರ ಬಂದು, ಯಾರೋ ಸೇತುವೆಗೆ ಲೆಕ್ಕ ಹಾಕಿ, ಐದರ ಜಾಗದಲ್ಲಿ ಒಂಬತ್ತು ಬಂದಾಗ ಅದು ಯಾರ ಅರಿವಿಗೂ ಬರುತ್ತಿರಲಿಲ್ಲ.

ಅವಳು ಬಗ್ಗಿ ಭಾವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. ಭಾವನಿಗೆ ಬೈಗುಳ ಯಾಕೆ ನಿಂತಿತು ಎಂಬುದೇ ತಿಳಿಯಲಿಲ್ಲ.

ಮಧ್ಯಾಹ್ನ ಸಮಿತಿಯವರು ಬಂದು ಓಣಿಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತರು. ಅಧ್ಯಕ್ಷೆ ವಯಸ್ಸಾದ ಎಂಜಿನಿಯರು, ಸೇತುವೆಗಳನ್ನು ಕಟ್ಟಿ ಹೆಸರಾದವರು. ಬಿಗಿದ ತುಟಿ ಸಡಿಲಿಸಿದ್ದನ್ನು ಯಾರೂ ನೋಡಿರಲಿಲ್ಲ. ನಿರ್ದೇಶಕರು ಕೈ ಹೊಸೆಯುತ್ತ ನಿಂತಿದ್ದರು. ಭಾವ ಹಿಂದೆ ಗೋಡೆಗೆ ಆತುಕೊಂಡಿದ್ದರು. ಪುಟ್ಟಿ ನೇರವಾಗಿ ಆ ಕೆಟ್ಟ ಜೋಡಿಯನ್ನೇ ಎತ್ತಿ ಅಧ್ಯಕ್ಷೆಯ ಕೈಗೆ ಕೊಟ್ಟಳು.

"ಹೊಂದಲಿಲ್ಲ. ಈ ಒಂದು ಕಾರ್ಡು. ತಪ್ಪು ನನ್ನದು, ನಿಯಮ ಬರೆದ ಸಾಲಿನಲ್ಲಿದೆ," ಎಂದು ಹತ್ತು, ಮೂರು, ಎರಡರ ಲೆಕ್ಕ ಹೇಳಿದಳು. ನಿರ್ದೇಶಕರ ಮುಖ ಬಿಳುಚಿತು. ಅವಳು ನಿಲ್ಲಿಸಲಿಲ್ಲ. ಅಜ್ಜಿಯನ್ನು ಬರೆದ ಕೈ ತನ್ನ ತಪ್ಪನ್ನು ಇಳಿಸದೆ ಹೋದದ್ದನ್ನು ಹೇಳಿದಳು. ಇಳಿಸಿದ್ದಿದ್ದರೆ ಎಲ್ಲವೂ ಹೊಂದುತ್ತಿತ್ತು, ಆಗ ನಾವೆಲ್ಲ ಸುಳ್ಳಿಗೆ ಚಪ್ಪಾಳೆ ತಟ್ಟುತ್ತಿದ್ದೆವು ಎಂಬುದನ್ನೂ ಹೇಳಿಬಿಟ್ಟಳು. ನಿರ್ದೇಶಕರು ಕೆಮ್ಮಿದರು. ಕೇಳದ ಪ್ರಶ್ನೆಗೆ ಉತ್ತರ ಯಾಕೆ ಕೊಡ್ತೀಯಮ್ಮ ಎಂಬ ಕೆಮ್ಮು ಅದು.

"ಹಾಗಾದರೆ," ಎಂದರು ಅಧ್ಯಕ್ಷೆ, "ನೀವು ಈಗ ಸರಿಮಾಡಿ ತಂದು ಎರಡೂ ಹೊಂದಿತು ಅಂತ ಇಟ್ಟುಕೊಳ್ಳೋಣ. ನಾನು ಯಾಕೆ ನಂಬಬೇಕು?"

"ಅಷ್ಟನ್ನೇ ನೋಡಿ ನಂಬಬೇಡಿ. ಇನ್ನೊಂದು ಅಜ್ಜಿ ಬೇಕು. ಬೇರೆಯವರ ಕೈಯಲ್ಲಿ ಹುಟ್ಟಬೇಕು, ನನ್ನ ಸಾಲುಗಳನ್ನ ನೋಡದೆ, ಭಾಷೆಯ ಅರ್ಥ ಮಾತ್ರ ತಿಳಿದುಕೊಂಡು. ಇಬ್ಬರು ಅಜ್ಜಿಯರೂ ಬೇರೆ ಬೇರೆ ದಾರಿಯಿಂದ ಬಂದು ಕೊನೆಗೆ ಒಬ್ಬಳೇ ಮಗಳನ್ನ ಕೊಟ್ಟರೆ ಆಗ ನಂಬಿ. ನಮ್ಮದು ಕೊಡುತ್ತೆ."

"ಅಷ್ಟು ಖಾತ್ರಿಯೇ?"

"ಬೆಳಗ್ಗೆ ಎಷ್ಟಿತ್ತೋ ಅದಕ್ಕಿಂತ ಹೆಚ್ಚು ಖಾತ್ರಿ. ಬೆಳಗ್ಗೆ ನನಗೆ ನನ್ನ ಮೇಲಷ್ಟೇ ನಂಬಿಕೆ ಇತ್ತು. ಈಗ ತಪ್ಪನ್ನ ಹಿಡಿಯೋ ದಾರಿಯ ಮೇಲೆ ಇದೆ."

ಅಧ್ಯಕ್ಷೆ ಕಾರ್ಡುಗಳನ್ನು ತಿರುಗಿಸಿ ನೋಡಿದರು. ತಮ್ಮ ಜೊತೆಯವರ ಕಡೆಗೂ ನೋಡಲಿಲ್ಲ. "ಸರಿಮಾಡಿ. ಕಾಯುತ್ತೇವೆ," ಎಂದರು.

ಪುಟ್ಟಿ ತನ್ನ ಪ್ರೀತಿಯ ಆ ಒಂದು ಸಾಲನ್ನು ಮುರಿದು ಎರಡಾಗಿ ಬರೆದಳು. ಚೆಂದ ಕೆಟ್ಟಿತು, ಅರ್ಥ ನೆಟ್ಟಗಾಯಿತು. ಅಜ್ಜಿಯನ್ನು ಮತ್ತೆ ಕೂರಿಸಿದರು. ಕೆಳಗಿನಿಂದ ಕಾರ್ಡು ಕೊರೆಯುವ ಸದ್ದು ಓಣಿಯವರೆಗೂ ಕೇಳುತ್ತಿತ್ತು. ಹೊಸ ತಾಯಿ ಬಂದಳು, ಅವಳಿಂದ ಹೊಸ ಮಗಳು. ಸಮಿತಿಯವರು ಚಹಾ ಕುಡಿದರು, ಆಕಳಿಸಿದರು, ಯಾರೂ ಎದ್ದು ಹೋಗಲಿಲ್ಲ. ಕಟ್ಟುಗಳು ಮೇಲೆ ಬಂದಾಗ ಅಧ್ಯಕ್ಷೆ ಗಡ್ಡನನ್ನು ಪಕ್ಕಕ್ಕೆ ಸರಿಸಿ ತಾವೇ ಕಿಟಕಿಯ ಬಳಿ ನಿಂತರು. ಇಳಿಬಿಸಿಲು ಗಾಜಿಗೆ ನೇರ ಹೊಡೆಯುತ್ತಿತ್ತು. ಪ್ರತಿ ಜೋಡಿಯನ್ನೂ ಒತ್ತಿ ಹಿಡಿದಾಗ ಅವರ ಮುಖದ ಮೇಲೆ ಬೆಳಕಿನ ಚುಕ್ಕೆಗಳು ಬೀಳುತ್ತಿದ್ದವು. ಒಂದೂ ತೂತು ಕುರುಡಾಗಿರಲಿಲ್ಲ.

"ದೊಡ್ಡ ಯಂತ್ರ ನಿಮ್ಮ ಭಾಷೆಯ ಜೊತೆಗೇ ಬರಲಿ," ಎಂದರು ಅಧ್ಯಕ್ಷೆ. "ಅದು ಬರುವುದರೊಳಗೆ ಎರಡನೇ ಅಜ್ಜಿ ಸಿದ್ಧವಾಗಿರಬೇಕು. ಯಾರು ಬರೆಯುತ್ತಾರೆ?"

ಎಲ್ಲರ ಕಣ್ಣೂ ಗಡ್ಡನ ಕಡೆ ತಿರುಗಿದವು. ನಿಯಮ ಬರೆದವಳು ಪುಟ್ಟಿ, ಮೊದಲ ಅಜ್ಜಿಯನ್ನು ಬರೆದವರು ಭಾವ, ಭಾಷೆಯ ಅರ್ಥ ಬಲ್ಲವರಲ್ಲಿ ಇನ್ನುಳಿದವನು ಅವನೊಬ್ಬನೇ. ಬೆಳಗ್ಗೆ ಒಂದು ಕಾರ್ಡು ಬದಲಿಸಿ ಕೈತೊಳೆದುಕೊಳ್ಳಲು ಹೊರಟಿದ್ದವನಿಗೆ ಇಡೀ ಒಂದು ಕಟ್ಟು ಕೊರಳಿಗೆ ಬಿತ್ತು. "ನನಗೆ ಅಂಕಿ ಬರೆದು ಅಭ್ಯಾಸವಿಲ್ಲ," ಎಂದು ಗಡ್ಡ ಕೆರೆದುಕೊಂಡ.

"ನನ್ನ ಎದುರಿನ ಮೇಜು ಒರೆಸಿದೆ," ಎಂದರು ಭಾವ ಗೋಡೆಯ ಬಳಿಯಿಂದ. "ನಾಳೆ ಬೆಳಗ್ಗೆ ಬಾ."

ಅಂದು ಸಂಜೆ ಭಾವ ಮನೆಗೆ ಉಪ್ಪು ತಂದರು.

ಮರುದಿನ ಗಡ್ಡ ಭಾವನ ಕೋಣೆಗೆ ಹೋಗುವ ಮೊದಲೇ ಭಾವನೇ ಪುಟ್ಟಿಯ ಕೋಣೆಗೆ ಬಂದರು. ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಅಂಕಿಯಲ್ಲ, ಪುಟ್ಟಿಯ ಭಾಷೆ. ದುಂಡಗೆ, ಸ್ವಲ್ಪ ಹೆದರಿದ ಕೈಯಲ್ಲಿ, ಹತ್ತರಲ್ಲಿ ಮೂರು ಕಳೆದು ಎರಡು ಕಳೆದು ಉತ್ತರ ಹೇಳು ಎಂದು ಬರೆದಿದ್ದರು.

"ಕಲಿತುಬಿಟ್ರಾ!" ಎಂದಳು ಪುಟ್ಟಿ. ಹಾಳೆ ಕಸಿದುಕೊಂಡು ಕಾರ್ಡು ಕೊರೆಯುವ ಯಂತ್ರದ ಮುಂದೆ ಕೂತಳು. ಪಟಪಟನೆ ಕೊರೆದು ತಾನೇ ಕೆಳಗೆ ಓಡಿ ಹಾಕಿಸಿ, ಕಾರ್ಡನ್ನೂ ಮುದ್ರಿತ ಹಾಳೆಯನ್ನೂ ಹಿಡಿದು ಮೇಲೆ ಬಂದಳು. ತಲೆಬರಹ ನಟ್ಟನಡುವೆ ನೆಟ್ಟಗೆ ಕೂತಿತ್ತು. ಅದರ ಕೆಳಗೆ ಐದು.

"ಮೊದಲನೇ ಸಲಕ್ಕೇ!" ಎಂದು ಭಾವ ಎದೆಯುಬ್ಬಿಸಿದರು.

ಬಾಗಿಲಲ್ಲಿ ನಿಂತಿದ್ದ ಗಡ್ಡ ಭಾವನ ಹಾಳೆ ಎತ್ತಿ ನೋಡಿದ. ಕಾರ್ಡು ನೋಡಿದ. ಮತ್ತೆ ಹಾಳೆ ನೋಡಿದ. "ಮೇಡಂ, ಅವರು ಸಾಲಿನ ಕೊನೆಗೆ ಮುಕ್ತಾಯದ ಗುರುತು ಹಾಕೇ ಇಲ್ಲ. ಅದಿಲ್ಲದೆ ನಮ್ಮ ಕಂಪೈಲರ್ ಓದೋದೇ ಇಲ್ಲ. ಕಾರ್ಡಿನಲ್ಲಿ ಮಾತ್ರ ಇದೆ."

ಪುಟ್ಟಿ ಹಾಳೆ ನೋಡಿದಳು. ಹೌದು, ಇರಲಿಲ್ಲ. ಕೊರೆಯುವಾಗ ಅವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಬೆರಳು ತಾನಾಗಿ ಹಾಕಿಬಿಟ್ಟಿತ್ತು.

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿದರು. ಅವರಿಗೆ ಅವಸರವೇ ಇರಲಿಲ್ಲ.

"ಹೇಳಿದ್ದನ್ನ ಮಾಡಬೇಕು ಪುಟ್ಟಿ," ಎಂದರು, "ಬೇಕಾದ್ದನ್ನಲ್ಲ."